ಕಿಟಕಿಗೆ ಅಂಟಿಸುವ ಫಿಲ್ಮ್ ಕಿಟ್: ಯಾರು ಕೊಳ್ಳಬೇಕು, ಯಾರಿಗೆ ಬೇಡ

ಸೆಪ್ಟೆಂಬರ್ ಬಂತೆಂದರೆ ನ್ಯೂಜೆರ್ಸಿಯಿಂದ ಮಿಷಿಗನ್‌ವರೆಗಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಫ್ಯಾನು, ನೀರಿನ ಪೈಪು ಮೂಲೆ ಸೇರುತ್ತವೆ. ಆ ಜಾಗಕ್ಕೆ ಚಳಿ ತಡೆಯುವ ಕಿಟಕಿ ಫಿಲ್ಮ್ ಕಿಟ್‌ಗಳು ಬಂದು ಕೂರುತ್ತವೆ. 3ಎಂ, ಡಕ್, ಫ್ರಾಸ್ಟ್ ಕಿಂಗ್ ಎಂದು ಹೆಸರು ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಎರಡೂ ಬದಿ ಅಂಟುವ ಅರ್ಧ ಇಂಚಿನ ಟೇಪು. ಟೇಪನ್ನು ಕಿಟಕಿಯ ಚೌಕಟ್ಟಿಗೆ ಹಚ್ಚಿ, ಹಾಳೆ ಅಂಟಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಹಾಳೆ ಕುಗ್ಗಿ ಬಿಗಿಯಾಗುತ್ತದೆ. ಒಂದೇ ಗಾಜಿನ ಹಳೆಯ ಕಿಟಕಿಗಳಿರುವ ಬಾಡಿಗೆ ಮನೆಗೆ, ಆ ದುಡ್ಡಿಗೆ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಹೊಸ ಮನೆಗೆ ಇದು ಸುಮ್ಮನೆ ಖರ್ಚು.

ಕಾರಣ ಲೆಕ್ಕದಲ್ಲೇ ಇದೆ. ಕಿಟಕಿಯಿಂದ ಶಾಖ ಎಷ್ಟು ಹೊರಹೋಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಯು-ಫ್ಯಾಕ್ಟರ್ ಎಂಬ ಅಳತೆ ಇದೆ. ಒಂದೇ ಗಾಜಿಗೆ ಅದು ಸುಮಾರು 1, ಸಾಧಾರಣ ಎರಡು ಗಾಜಿಗೆ ಅರ್ಧದ ಆಸುಪಾಸು, ಲೋ-ಇ (ಶಾಖವನ್ನು ಹಿಂದಕ್ಕೆ ಕಳಿಸುವ ತೆಳು) ಲೇಪನ ಮತ್ತು ಗಾಜುಗಳ ನಡುವೆ ಆರ್ಗಾನ್ ಅನಿಲ ಇರುವುದಕ್ಕೆ 0.3ರ ಸುತ್ತಮುತ್ತ. ಫಿಲ್ಮ್ ಮಾಡುವ ಕೆಲಸವೆಂದರೆ ಗಾಜಿಗೂ ತನಗೂ ನಡುವೆ ಒಂದಿಷ್ಟು ಗಾಳಿಯನ್ನು ಅಲುಗದಂತೆ ಹಿಡಿದಿಡುವುದು. ಒಂದೇ ಗಾಜಿನ ಕಿಟಕಿಗೆ ಇದು ಇನ್ನೊಂದು ಗಾಜು ಕೂರಿಸಿದಷ್ಟೇ ಉಪಕಾರಿ. ಮೊದಲೇ 0.3 ಇರುವ ಕಿಟಕಿಯಲ್ಲಿ ಉಳಿಸಲು ಹೆಚ್ಚೇನೂ ಬಾಕಿ ಇರುವುದಿಲ್ಲ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಕತ್ತಲಾದ ಮೇಲೆ ಗಾಜಿನ ಮುಂದೆ ಒಂದು ಸಣ್ಣ ದೀಪ ಹಿಡಿದು ಓರೆಯಾಗಿ ನೋಡಿ. ಪ್ರತಿಬಿಂಬ ಒಂದು ಜೋಡಿ ಕಂಡರೆ ಒಂದು ಗಾಜು, ಎರಡು ಜೋಡಿ ಕಂಡರೆ ಎರಡು. ನಾಲ್ಕರಲ್ಲಿ ಒಂದರ ಬಣ್ಣ ಮಾತ್ರ ಬೇರೆ ಇದ್ದರೆ ಲೋ-ಇ ಲೇಪನವಿದೆ, ಕಿಟ್ ಬೇಡ.

ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಿ ಕೊಂಡವರು ಮೋಸ ಹೋಗುವುದು ಸಾಮಾನ್ಯ. '5 ಕಿಟಕಿಗೆ' ಎನ್ನುವ ಕಿಟ್‌ನಲ್ಲಿ ಹಾಳೆ 62 ಇಂಚು ಅಗಲ, 210 ಇಂಚು ಉದ್ದ ಇರುತ್ತದೆ. ಐದು ಪಾಲು ಮಾಡಿದರೆ ಒಂದಕ್ಕೆ 42 ಇಂಚು. ಅಂದರೆ 3 ಅಡಿ ಅಗಲ, 5 ಅಡಿ ಎತ್ತರದ ಕಿಟಕಿಗೆ ಎತ್ತರದ ಕಡೆ ಉಳಿಯುವುದು ಎರಡೇ ಇಂಚು. ಆದರೆ ಟೇಪು ಹಚ್ಚುವುದು ಗಾಜಿನ ಅಂಚಿಗಲ್ಲ, ಸುತ್ತಲಿನ ಮರದ ಪಟ್ಟಿಗೆ. ಪಟ್ಟಿ ಪ್ರತಿ ಬದಿಗೆ 3 ಇಂಚು ಇದ್ದರೆ ಅಳತೆ 42ಕ್ಕೆ 66 ಆಯಿತು, ಹಿಡಿಯಲು ಸುತ್ತ ಒಂದೊಂದು ಇಂಚು ಸೇರಿಸಿದರೆ 44ಕ್ಕೆ 68. ಈ 68 ಇಂಚು 62ರ ಅಗಲದಲ್ಲಿ ಹಿಡಿಸುವುದಿಲ್ಲ, ಅದನ್ನು ಹಾಳೆಯ 210 ಇಂಚಿನ ಉದ್ದದಲ್ಲೇ ತೆಗೆಯಬೇಕು. ಆಗ ಸಿಗುವುದು ಮೂರೇ ಕಿಟಕಿ, ಜೊತೆಗೆ ಉಪಯೋಗಕ್ಕೆ ಬಾರದ 18 ಇಂಚಿನ ಪಟ್ಟಿ. ಅಳೆಯುವಾಗ ಟೇಪು ಕೂರುವ ಜಾಗದಿಂದ ಜಾಗಕ್ಕೆ ಅಳೆಯಿರಿ, ಆಮೇಲೆ ಪೆಟ್ಟಿಗೆ ಆರಿಸಿ. ಕಿಟಕಿಯ ಕೆಳಗೆ ಮುಂದಕ್ಕೆ ಚಾಚಿದ ಹಲಗೆ ಇದ್ದರೆ ಕೆಳಗಿನ ಟೇಪು ಆ ಹಲಗೆಯ ಮೇಲ್ಮೈಗೇ ಬರಬೇಕು.

ಫಿಲ್ಮ್ ಹಚ್ಚುವ ಮೊದಲು ಗಾಳಿ ಎಲ್ಲಿಂದ ನುಗ್ಗುತ್ತದೆ ಎಂದು ನೋಡಲೇಬೇಕು. ಇದಕ್ಕೆ ಅಂಗಡಿಯಲ್ಲಿ ಹೊಗೆ ಬಿಡುವ ಪೆನ್ಸಿಲ್ ಮಾರುತ್ತಾರೆ. ದೇವರ ಮನೆಯ ಊದುಬತ್ತಿ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ. ಹೊರಗೆ ಗಾಳಿ ಬೀಸುವ ದಿನ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ), ಗ್ಯಾಸಿನ ಒಲೆ, ಸೀಲಿಂಗ್ ಫ್ಯಾನ್ ಆರಿಸಿ. ಗ್ಯಾಸಿನ ವಾಟರ್ ಹೀಟರ್ ಇದ್ದರೆ ಅದನ್ನೂ ಆರಿಸಬೇಕು, ಇಲ್ಲದಿದ್ದರೆ ಅದರ ಹೊಗೆ ಒಳಗೇ ತಿರುಗುವ ಅಪಾಯವಿದೆ. ನಂತರ ಬಚ್ಚಲು ಮನೆಯ ಮತ್ತು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ. ಒಳಗಿನ ಗಾಳಿ ಹೊರಹೋಗುತ್ತಿದ್ದಂತೆ ಹೊರಗಿನದು ಸಂದುಗಳಿಂದ ಒಳನುಗ್ಗುತ್ತದೆ. ಪರದೆ ಸರಿಸಿ, ಊದುಬತ್ತಿಯನ್ನು ಚೌಕಟ್ಟಿನ ಗುಂಟ ನಿಧಾನವಾಗಿ ಒಯ್ಯಿರಿ. ಹೊಗೆ ನೇರ ಏರುವ ಬದಲು ಒಮ್ಮೆಲೇ ಓರೆಯಾದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ.

ಗುರುತು ಗಾಜಿನ ಚೌಕಟ್ಟುಗಳ ನಡುವೆ, ಮೇಲಿನದೂ ಕೆಳಗಿನದೂ ಸೇರುವಲ್ಲಿ ಬಿದ್ದರೆ ಅಲ್ಲಿ ರೋಪ್ ಕಾಲ್ಕ್ ಒತ್ತಿ. ಹಗ್ಗದಂತೆ ಸುತ್ತಿಟ್ಟ ಬೂದು ಬಣ್ಣದ ಮೆದು ಅಂಟು ಇದು. ಬೆರಳಲ್ಲಿ ಒತ್ತಿದರೆ ಸಂದಿಗೆ ಕೂರುತ್ತದೆ, ಏಪ್ರಿಲ್‌ನಲ್ಲಿ ಎಳೆದರೆ ಬಂದುಬಿಡುತ್ತದೆ. ಈ ಹಂತ ಬಿಟ್ಟವರ ಮನೆಯಲ್ಲಿ ಜೋರು ಗಾಳಿ ಬೀಸಿದಾಗಲೆಲ್ಲ ಫಿಲ್ಮ್ ಉಬ್ಬಿ ಬಡಬಡ ಎನ್ನುತ್ತದೆ, ಎರಡು ವಾರದಲ್ಲಿ ಟೇಪು ಮೂಲೆಯಿಂದ ಬಿಡುತ್ತದೆ. ಆಮೇಲೆ ಕಿಟ್ ಚೆನ್ನಾಗಿಲ್ಲ ಎಂದು ದೂರುತ್ತಾರೆ. ಕಿಟ್‌ನ ತಪ್ಪಲ್ಲ ಅದು.

ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ಕಡೆಯವರು ಇನ್ನೊಂದು ನೋಡಿಕೊಳ್ಳಬೇಕು: ಸ್ಟಿಂಕ್ ಬಗ್. ಏಷ್ಯಾದಿಂದ ಬಂದ ಈ ಕಂದು ತಿಗಣೆ ಜಾತಿಯ ಹುಳು ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು 1998ರಲ್ಲಿ, ಪೆನ್ಸಿಲ್ವೇನಿಯಾದ ಆಲನ್‌ಟೌನ್‌ನಲ್ಲಿ. ಬೇಸಿಗೆ ಮುಗಿಯುತ್ತಿದ್ದಂತೆ ಇವು ಬೆಚ್ಚಗಿನ ಜಾಗ ಹುಡುಕಿ ಕಿಟಕಿಯ ಸಂದುಗಳಲ್ಲಿ ಅಡಗುತ್ತವೆ. ಹಾಗೇ ಫಿಲ್ಮ್ ಹಚ್ಚಿದರೆ ಚಳಿಗಾಲವಿಡೀ ಅವುಗಳ ಓಡಾಟ ನೋಡುತ್ತಾ ಕೂರಬೇಕು. ಜಜ್ಜಬೇಡಿ, ನಾತ ಬಿಡುತ್ತವೆ. ವ್ಯಾಕ್ಯೂಮ್‌ನಿಂದ ಎಳೆದು, ಸಂದು ಮುಚ್ಚಿ, ಆಮೇಲೆ ಹಾಳೆ ಹಚ್ಚಿ.

ಹಚ್ಚಲು ಸರಿಯಾದ ಹೊತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಅದಕ್ಕೂ ಮುಂಚೆ ಹಚ್ಚಿದರೆ ನಡುವೆ ನಾಲ್ಕು ದಿನ ಸೆಕೆ ಬಂದಾಗ ಕಿಟಕಿ ತೆರೆಯಲಾಗದೆ ಪೇಚಾಡಬೇಕು. ತಡವಾದರೆ ಟೇಪು ಕೈಕೊಡುತ್ತದೆ: ಮರ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಅಂಟು ಹಿಡಿಯುವುದು ಕಷ್ಟ. ಹೊರಗೆ ಬಿಸಿಲಿದ್ದರೂ ಉತ್ತರ ದಿಕ್ಕಿನ ಚೌಕಟ್ಟು ತಣ್ಣಗಿರುತ್ತದೆ, ಕೈಯಿಟ್ಟು ನೋಡಿ.

ಚೌಕಟ್ಟನ್ನು ಮೊದಲು ಸೋಪು ನೀರಲ್ಲಿ ಒರೆಸಿ, ಒಣಗಿದ ಮೇಲೆ ರಬ್ಬಿಂಗ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಬೇಕು. ನಮ್ಮ ಅಡುಗೆಮನೆಗಳ ಹತ್ತಿರದ ಕಿಟಕಿಗೆ ಇದು ಎರಡು ಸಲ ಬೇಕು. ಒಗ್ಗರಣೆಯ ಎಣ್ಣೆ ಕಣ್ಣಿಗೆ ಕಾಣದಂತೆ ಪದರಗಟ್ಟಿರುತ್ತದೆ, ಅದರ ಮೇಲೆ ಯಾವ ಟೇಪೂ ನಿಲ್ಲದು. ಟೇಪು ಒತ್ತಿ, ಮೇಲಿನ ಕಾಗದ ತೆಗೆಯದೆ ಕಾಲು ಗಂಟೆ ಬಿಡಿ. ನಂತರ ಮೇಲಿನ ಅಂಚಿನ ಕಾಗದ ಮಾತ್ರ ಸುಲಿದು ಹಾಳೆ ಅಂಟಿಸಿ, ಆಮೇಲೆ ಎರಡು ಪಕ್ಕ, ಕೊನೆಗೆ ಕೆಳಗೆ. ಈ ಹಂತದಲ್ಲಿ ಸುಕ್ಕು ಎಷ್ಟಿದ್ದರೂ ಚಿಂತೆಯಿಲ್ಲ. ಆದರೆ ಎಲ್ಲೂ ಬಿಗಿಯಾಗಿ ಎಳೆಯಬಾರದು. ಕುಗ್ಗುವಾಗ ಆ ಎಳೆತ ಟೇಪನ್ನೇ ಕೀಳುತ್ತದೆ. ಹಾಳೆ ಎರಡು ಮಡಿಕೆಯಾಗಿ ಬರುತ್ತದೆ, ಬಿಡಿಸಲು ಬೆರಳಿಗಿಂತ ಸೆಲ್ಲೋಟೇಪಿನ ಚೂರನ್ನು ಮೂಲೆಯ ಎರಡೂ ಬದಿಗೆ ಅಂಟಿಸಿ ಎಳೆಯುವುದು ಸುಲಭ.

ಡ್ರೈಯರ್ ಅತಿ ಬಿಸಿಯಲ್ಲಿರಲಿ, ಹಾಳೆಗೆ ತಾಗಬಾರದು, ಒಂದೇ ಕಡೆ ನಿಲ್ಲಬಾರದು. ಮೊದಲು ನಾಲ್ಕು ಮೂಲೆ, ಆಮೇಲೆ ಅಂಚುಗಳು, ಕೊನೆಗೆ ನಡುಭಾಗ. ಬಣ್ಣ ಕೀಳುವ ಹೀಟ್ ಗನ್ ಬೇಡವೇ ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ತೂತು. ಹೆಚ್ಚಾದ ಅಂಚನ್ನು ಬ್ಲೇಡಿನಿಂದ ಕತ್ತರಿಸುವುದು ಕುಗ್ಗಿಸಿದ ಮೇಲೆ, ಮುಂಚೆಯಲ್ಲ.

ಡಕ್ ಮಾರುವ, ಅಂಚಿಗೆ ಟೇಪು ಮೊದಲೇ ಅಂಟಿಸಿರುವ 'ರೋಲ್-ಆನ್' ಮಾದರಿ ಮೊದಲ ಸಲ ಮಾಡುವವರಿಗೆ, ಒಬ್ಬರೇ ಇರುವವರಿಗೆ ಹಿತ. ಬಿಡಿ ಟೇಪಿನ ಕಿಟ್‌ಗೆ ಇಬ್ಬರಿದ್ದರೆ ಒಳ್ಳೆಯದು, ಆದರೆ ಓರೆಕೋರೆ ಚೌಕಟ್ಟಿಗೆ ಅದೇ ಹೊಂದುವುದು.

ಹಚ್ಚಿದ ಮೇಲೆ ಮಂಜು ಕಾಣಿಸಿಕೊಂಡರೆ ಎಲ್ಲಿ ಕಾಣಿಸಿತು ಎಂಬುದೇ ಕಾರಣ ಹೇಳುತ್ತದೆ. ಫಿಲ್ಮ್ ಮತ್ತು ಗಾಜಿನ ನಡುವೆ ಇದ್ದರೆ ಕೋಣೆಯ ಗಾಳಿ ಟೇಪಿನ ಸಂದಿನಿಂದ ಒಳಹೋಗುತ್ತಿದೆ. ಅಂಚಿನ ಸುತ್ತ ಗಟ್ಟಿಯಾಗಿ ಒತ್ತಿ, ಬಿಟ್ಟ ಕಡೆ ಹೊಸ ಟೇಪು ಹಾಕಿ. ಕೋಣೆಯ ಕಡೆಯ ಮೈಮೇಲೇ ಇದ್ದರೆ ಮನೆಯೊಳಗೆ ತೇವ ಹೆಚ್ಚಾಗಿದೆ ಎಂದರ್ಥ. ಕುಕ್ಕರಿನ ಹಬೆ, ಒಳಗೆ ಒಣಹಾಕಿದ ಬಟ್ಟೆ, ಹ್ಯುಮಿಡಿಫೈಯರ್ ಮೂರನ್ನೂ ನೋಡಿ. ಹೊರಗೆ ಕೊರೆಯುವ ಚಳಿ ಇದ್ದಾಗ ಒಳಗೆ 30ರಿಂದ 40 ಶೇಕಡಾ ತೇವ ಸಾಕು.

ಎಲ್ಲ ಕಿಟಕಿಗೂ ಹಚ್ಚುವ ಹುಮ್ಮಸ್ಸು ಬೇಡ. ಅಡುಗೆಮನೆಯದನ್ನು ಬಿಟ್ಟುಬಿಡಿ. ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಶೋಧಿಸಿ ಅಲ್ಲೇ ಬಿಡುತ್ತದೆ. ಮೆಣಸಿನಕಾಯಿ ಘಾಟಿಗೆ ತೆರೆಯುವ ಕಿಟಕಿ ಒಂದಾದರೂ ಇರಲಿ. ಮಲಗುವ ಕೋಣೆಯಲ್ಲಿ ಬೆಂಕಿ ಬಿದ್ದರೆ ಹೊರಬೀಳಲು ಇರುವ ಕಿಟಕಿಗೂ ಬೇಡ. ನವರಾತ್ರಿಗೆ ಗೊಂಬೆ ಮೆಟ್ಟಿಲು ಕೂರಿಸುವ ಗೋಡೆಯಲ್ಲಿ ಕಿಟಕಿ ಇದ್ದರೆ ಅದನ್ನು ಮೊದಲು ಮುಗಿಸಿ, ಮೆಟ್ಟಿಲು ಬಂದ ಮೇಲೆ ಕೈ ಆಡುವುದಿಲ್ಲ. ಹೊರಗಿನ ಕರಿಬೇವು, ತುಳಸಿ ಕುಂಡಗಳು ಒಳಬರುವುದೂ ಇದೇ ಹೊತ್ತಿಗೆ, ರಾತ್ರಿ 50 ಡಿಗ್ರಿಗೆ ಇಳಿದಾಗ. ಅವು ಫಿಲ್ಮ್‌ನ ಈಚೆ ಇರಬೇಕು. ಕಿಟಕಿ ಹಲಗೆಯ ಮೇಲೆ ಕುಂಡ ಇಟ್ಟು ಅದರಾಚೆಯಿಂದ ಹಾಳೆ ಎಳೆದರೆ ಗಿಡ ಚಳಿ ಗಾಜಿನ ಪಾಲು.

ಬಾಗಿಲಿಗೆ ಫಿಲ್ಮ್ ಬರುವುದಿಲ್ಲ, ಅದಕ್ಕೆ ಪಟ್ಟಿ ಬೇಕು. ಅಗ್ಗದ ಬೂದು ಸ್ಪಂಜಿನ ಟೇಪು ಒಂದೆರಡು ಚಳಿಗಾಲಕ್ಕೆ ಚಪ್ಪಟೆಯಾಗುತ್ತದೆ. ಇಪಿಡಿಎಂ ರಬ್ಬರಿನ ಟೊಳ್ಳು ಪಟ್ಟಿ ಬೆಲೆ ಹೆಚ್ಚಾದರೂ ವರ್ಷಗಟ್ಟಲೆ ಪುಟಿಯುತ್ತದೆ. ಸಂದಿನ ಅಗಲ ತಿಳಿಯಲು ಚಪಾತಿ ಹಿಟ್ಟಿನ ಗೋಲಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ದಾರಂದಕ್ಕೆ ಒತ್ತಿ ಬಾಗಿಲು ಮುಚ್ಚಿ ತೆಗೆಯಿರಿ. ಹಿಟ್ಟು ಎಷ್ಟು ದಪ್ಪ ಉಳಿಯಿತೋ ಅದಕ್ಕಿಂತ ಸ್ವಲ್ಪ ದಪ್ಪದ ಪಟ್ಟಿ ಸರಿ. ತೀರಾ ದಪ್ಪ ತಂದರೆ ಬಾಗಿಲು ಚಿಲಕ ಬೀಳದೆ ಒದ್ದಾಡುತ್ತದೆ. ಹಚ್ಚಿದ ಮೇಲೆ ಒಂದು ಡಾಲರ್ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ, ತಡೆದು ಬಂದರೆ ಹಿಡಿದಿದೆ. ಹೊಸ್ತಿಲಿನ ಸಂದಿಗೆ ಬೇರೆಯೇ ಸ್ವೀಪ್ (ಬಾಗಿಲಿನ ಕೆಳ ಅಂಚಿಗೆ ಹಾಕುವ ಪಟ್ಟಿ) ಬರುತ್ತದೆ, ಸ್ಕ್ರೂ ಹಾಕುವುದು ಅಂಟಿಸುವುದಕ್ಕಿಂತ ಬಾಳುತ್ತದೆ. ಇಷ್ಟು ಬಿಗಿ ಮಾಡಿದ ಮನೆಯಲ್ಲಿ ಗ್ಯಾಸಿನ ಫರ್ನೇಸ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ಟೆಸ್ಟ್ ಗುಂಡಿ ಒತ್ತಿ, ಹಿಂಬದಿಯಲ್ಲಿ ಬರೆದ ಅವಧಿ ಮುಗಿದಿದೆಯೇ ನೋಡಿ.

ತೆಗೆಯುವುದರಲ್ಲೇ ಈ ಕಿಟ್‌ನ ದೊಡ್ಡ ಕೊರತೆ ಇರುವುದು. ಏಪ್ರಿಲ್‌ನಲ್ಲಿ ಒರಟಾಗಿ ಎಳೆದರೆ ಟೇಪಿನ ಜೊತೆ ಬಣ್ಣವೂ ಬರುತ್ತದೆ, ಬಾಡಿಗೆಯ ಮುಂಗಡದಲ್ಲಿ ಕಡಿತ ಖಚಿತ. ಡ್ರೈಯರ್‌ನಿಂದ ಟೇಪನ್ನು ಬಿಸಿ ಮಾಡುತ್ತಾ, ತುದಿಯನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಸುಲಿಯಿರಿ, ಉಳಿದ ಅಂಟಿಗೆ ರಬ್ಬಿಂಗ್ ಆಲ್ಕೋಹಾಲ್. ಬಣ್ಣ ಬಳಿದು ತಿಂಗಳು ಕಳೆಯದ ಚೌಕಟ್ಟಿಗೆ ಹಚ್ಚಲೇಬೇಡಿ. ಅಮೆರಿಕದಲ್ಲಿ ಮನೆ ಬಣ್ಣಗಳಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಕಿಟಕಿಯ ಬಣ್ಣ ಈಗಾಗಲೇ ಹಕ್ಕಳೆ ಏಳುತ್ತಿದ್ದರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಫಿಲ್ಮ್ ಯೋಚನೆಯನ್ನೇ ಬಿಟ್ಟು ದಪ್ಪ ಪರದೆ ಹಾಕಿ, ಬಣ್ಣದ ವಿಷಯವನ್ನು ಮನೆ ಮಾಲೀಕರಿಗೆ ಬರೆದು ತಿಳಿಸಿ.