14416ಕ್ಕೆ ಫೋನ್ ಮಾಡಿದ ಮೇಲೆ ಗೊತ್ತಾದದ್ದು

ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಜುಲೈ ತಿಂಗಳ ಒಂದು ರಾತ್ರಿ ಅಲ್ಲೇ ಕೊಡೆ ಹಿಡಿದು ನಿಂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಮ್ಮನಿಗೆ 23 ವರ್ಷ. ಎರಡು ವರ್ಷದಿಂದ ಎದೆ ಡವಡವ, ನಿದ್ದೆ ಇಲ್ಲ, ನೆಂಟರು ಬಂದರೆ ಕೋಣೆ ಬಿಟ್ಟು ಬರಲ್ಲ. ಒಂದು ಕಡೆ ಆತಂಕದ ಕಾಯಿಲೆ ಅಂತ ಮಾತ್ರೆ ಕೊಟ್ಟರು. ಇನ್ನೊಂದು ಕಡೆ ಐದು ನಿಮಿಷ ನೋಡಿ, "ಇವನ ಸ್ವಭಾವವೇ ಹೀಗೆ, ಮುದ್ದು ಮಾಡಿ ಕೆಡಿಸಿದ್ದೀರಿ" ಅಂದರು. ಅಮ್ಮನಿಗೆ ಆ ಮಾತು ಇನ್ನೂ ಚುಚ್ಚುತ್ತೆ.

ಫೋನ್ ತೆಗೆದ ಹೆಣ್ಣುಮಗಳು ನಾನು ಅತ್ತು ಮುಗಿಸುವವರೆಗೆ ಕಾದರು. ಆಮೇಲೆ, ಊಟ ತಿಂಡಿಯಲ್ಲಿ ಏನಾದರೂ ಬದಲಾಗಿದೆಯಾ ಅಂತ ಕೇಳಿದರು. ಬೆಲ್ಲದ ಕಾಫಿ ಕೊಟ್ಟರೆ ಲೋಟ ನನ್ನ ಕಡೆ ಚಾಚಿ "ಅಕ್ಕಾ, ನೀನು ಮೊದಲು ಒಂದು ಗುಟುಕು ಕುಡಿ" ಅಂತಾನೆ ಅಂದೆ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ, ಕಾಫಿಯಲ್ಲಿ ಏನೋ ಬೆರೆಸಿದ್ದಾರೆ ಅನ್ನುವ ಅನುಮಾನ ಇರಬಹುದು ಅಂತ ಹೊಳೆದಿರಲಿಲ್ಲ. "ಯಾವಾಗಿಂದ?" ಅಂದವರು, ಕರೆಯನ್ನು ಮನೋವೈದ್ಯರಿಗೆ ಕೊಟ್ಟರು. ಅವರು ಕೇಳಿದ್ದು ಇಷ್ಟೇ: "ಗಾಬರಿ ಮೊದಲು ಬರುತ್ತಾ, ಅಥವಾ ಅದಕ್ಕೂ ಮುಂಚೆ ಯಾರೋ ಏನೋ ಅಂದ ಹಾಗೆ ಕೇಳಿಸುತ್ತಾ?" ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕಾಯಿಲೆಯ ಹೆಸರು ಹೇಳಲಿಲ್ಲ. ಅವನನ್ನು ನೋಡದೆ ಹೇಳಲೂಬಾರದು. ಈ ವಾರವೇ ಕರೆದುಕೊಂಡು ಹೋಗಿ ತೋರಿಸಿ, ಕಾಫಿಯ ವಿಷಯ ಬಿಡದೆ ಹೇಳಿ ಅಂದರು.

ಮಡಿಕೇರಿಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅವನೊಬ್ಬನ ಹತ್ತಿರವೇ ಮಾತಾಡಿದರು. ಕಾಫಿ ಕೊಯ್ಯುವವರು ತನ್ನನ್ನೇ ಆಡಿಕೊಳ್ಳುತ್ತಾರಂತೆ. ಮಳೆಗಾಲದಲ್ಲಿ ಎಲ್ಲಿಯ ಕೊಯ್ಲು! ಆದರೂ ಮಾಡಿನ ಶೀಟಿನ ಮೇಲೆ ಬೀಳುವ ಮಳೆಯೊಳಗೆ ಅದೇ ದನಿಗಳು. ಹುಚ್ಚ ಅಂದುಬಿಡುತ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು, ಗಾಂಜಾ ಅಭ್ಯಾಸ ಇದೆಯಾ ಅಂತಲೂ ವಿಚಾರಿಸಿದರು. ಎಲ್ಲ ನೋಡಿದ ಮೇಲೆ ಸೈಕೋಸಿಸ್ ಅಂದರು, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದು ನಿಜ ಅನ್ನಿಸುವ ಸ್ಥಿತಿ. ಅವನ ಗಾಬರಿ ಸುಳ್ಳಲ್ಲ, ಹೆದರಿಸುವ ದನಿ ಕಿವಿಯಲ್ಲಿದ್ದರೆ ಯಾರಿಗೂ ಎದೆ ಬಡಿದುಕೊಳ್ಳುತ್ತದೆ ಅಂತ ಅಮ್ಮನಿಗೆ ಬಿಡಿಸಿ ಹೇಳಿದರು. ಅದಕ್ಕೆ ರಾತ್ರಿ ತಗೊಳ್ಳಲು ರಿಸ್ಪೆರಿಡೋನ್ ಅನ್ನುವ ಔಷಧಿ ಕೊಟ್ಟಿದ್ದಾರೆ. ತೂಕ, ಸಕ್ಕರೆ ಆಗಾಗ ನೋಡಿಸಬೇಕು.

ನೀವೂ ಫೋನ್ ಮಾಡುವುದಾದರೆ ಏನೇನು ಯಾವಾಗ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ. ಚಿಲ್ಲರೆ ಅನ್ನಿಸಿದ್ದನ್ನೂ ಬರೆಯಿರಿ. ತಮ್ಮ ಈಗಲೂ ಒಂದೊಂದು ದಿನ ಲೋಟ ನನ್ನ ಕಡೆ ಚಾಚುತ್ತಾನೆ. ನಾನು ಒಂದು ಗುಟುಕು ಕುಡಿದು ಕೊಡುತ್ತೇನೆ, ಕ್ಯಾಲೆಂಡರ್‌ನಲ್ಲಿ ಆ ತಾರೀಖಿಗೆ ಗುರುತು ಹಾಕುತ್ತೇನೆ, ಮುಂದಿನ ಸಲ ಡಾಕ್ಟರಿಗೆ ತೋರಿಸಲಿಕ್ಕೆ.