ಮೂರು ಇ-ಬೈಕು, ಮೂರು ಕೇಬಲ್ ದಾರಿ: ಬಣ್ಣ ತಿಂದವರು ಯಾರು?

ಎಲೆಕ್ಟ್ರಿಕ್ ಮೌಂಟನ್ ಬೈಕಿನ ಬಣ್ಣ ಹೋಗುವುದು ಕಲ್ಲು ಸಿಡಿದು ಎಂದೇ ನಾನು ನಂಬಿದ್ದೆ. ಹೊಸ ಬೈಕನ್ನು ಮೊದಲ ಸಲ ಏರುವ ಮುನ್ನವೇ ಡೌನ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಪೆಡಲಿನತ್ತ ಇಳಿಯುವ ದಪ್ಪ ಕೊಳವೆ) ಹೊಟ್ಟೆಗೆ ದಪ್ಪನೆಯ ರಕ್ಷಣಾ ಫಿಲ್ಮ್ ಅಂಟಿಸಿ ನಿಶ್ಚಿಂತನಾದೆ. ಮೂರು ವಾರ ಕಳೆದು ತೊಳೆಯುವಾಗ ನೋಡಿದರೆ ಫಿಲ್ಮಿಗೆ ಏನೂ ಆಗಿರಲಿಲ್ಲ. ಆದರೆ ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯಾದ ಹೆಡ್ ಟ್ಯೂಬಿನ ಎಡಮಗ್ಗುಲಲ್ಲಿ, ಯಾವ ಕಲ್ಲೂ ತಲುಪದ ಜಾಗದಲ್ಲಿ, ಉಗುರಿನಗಲ ಬಣ್ಣ ಮಾಯವಾಗಿ ಲೋಹ ಇಣುಕುತ್ತಿತ್ತು. ಹಿಂಬ್ರೇಕಿನ ಹೋಸ್, ಎಂದರೆ ಎಣ್ಣೆ ತುಂಬಿದ ಕೊಳವೆ, ಪ್ರತಿ ತಿರುವಿನಲ್ಲೂ ಅಲ್ಲಿಗೆ ಬಂದು ಒರಗಿ, ಉಜ್ಜಿ, ಮತ್ತೆ ತನ್ನ ಪಾಡಿಗೆ ಹಿಂದಿರುಗುತ್ತಿತ್ತು.

ಸುಮಾರು ಅದೇ ಹೊತ್ತಿಗೆ ನನ್ನ ಇಬ್ಬರು ಗೆಳೆಯರೂ ಇಂಥದೇ ಬೈಕು ಕೊಂಡರು, ಬೇರೆ ಬೇರೆ ಕಂಪನಿಗಳದು. ಅಲೆನ್ ಕೀ, ಟಾರ್ಕ್ ವ್ರೆಂಚ್, ಬ್ರೇಕ್ ಬ್ಲೀಡ್ ಮಾಡುವ (ಎಣ್ಣೆಯೊಳಗಿನ ಗಾಳಿ ತೆಗೆಯುವ) ಸಿರಿಂಜು ಇರುವುದು ನನ್ನ ಬಳಿ ಮಾತ್ರ. ಹಾಗಾಗಿ ಮೂರರ ರಿಪೇರಿಯೂ ನನ್ನ ತಲೆಗೇ ಬಂತು. ಅದಕ್ಕೆ ಪ್ರತಿಯಾಗಿ ಎಂಟು ತಿಂಗಳು ಮೂರನ್ನೂ ಸರದಿಯಂತೆ ಓಡಿಸುವ ಹಕ್ಕು ಕೇಳಿ ಪಡೆದೆ. ಮೋಟಾರಿನ ಎಳೆತ, ಬ್ಯಾಟರಿಯ ಓಟ ಇವುಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಕೇಬಲ್ ಹೋಗುವ ದಾರಿ ಮತ್ತು ಫ್ರೇಮಿನ ಮೇಲ್ಮೈ, ಎರಡೇ ವಿಷಯ. ಎರಡು ಎಂದೆನಾದರೂ ಬಿಚ್ಚಿ ನೋಡುತ್ತಾ ಹೋದಂತೆ ಅವು ಒಂದೇ ಕಾಯಿಲೆಯ ಎರಡು ಲಕ್ಷಣಗಳು ಎಂಬುದು ಖಾತ್ರಿಯಾಯಿತು.

ಕಪ್ಪು ಬೈಕು ಕಾರ್ಬನ್ ಫ್ರೇಮಿನದು, ಹೊಳಪಿಲ್ಲದ ಮ್ಯಾಟ್ ಬಣ್ಣ. ಅದರ ಕೇಬಲ್‌ಗಳೆಲ್ಲ ಹೆಡ್‌ಸೆಟ್ಟಿನ ಮೇಲ್ಮುಚ್ಚಳದಿಂದಲೇ ಒಳಗಿಳಿಯುತ್ತವೆ; ಹೆಡ್‌ಸೆಟ್ ಎಂದರೆ ಹ್ಯಾಂಡಲ್ ತಿರುಗಲು ಹೆಡ್ ಟ್ಯೂಬಿನಲ್ಲಿ ಕೂರಿಸಿದ ಬೇರಿಂಗ್ ಜೋಡಿ. ಹಸಿರು ಬೈಕು ನನ್ನದು. ಅಲ್ಯೂಮಿನಿಯಂ ಫ್ರೇಮಿಗೆ ಹೊಳೆಯುವ ಬಣ್ಣ, ಹೆಡ್ ಟ್ಯೂಬಿನ ಹಿಂದೆ ಎರಡೂ ಪಕ್ಕದಲ್ಲಿ ಕೇಬಲ್ ಒಳಹೋಗುವ ಕಿಂಡಿಗಳು. ಬೂದು ಬೈಕು ಆನೋಡೈಸ್ ಮಾಡಿದ ಅಲ್ಯೂಮಿನಿಯಂ. ಬ್ರೇಕ್ ಹೋಸ್ ಮತ್ತು ಗೇರ್ ಕೇಬಲ್ ಎರಡೂ ಹೊರಗೆ ಕ್ಲಿಪ್ಪುಗಳ ಆಸರೆಯಲ್ಲಿ ಸಾಗುತ್ತವೆ, ಓಡಿಸುತ್ತಲೇ ಸೀಟನ್ನು ಏರಿಳಿಸುವ ಡ್ರಾಪರ್ ಪೋಸ್ಟಿನ ಕೇಬಲ್ ಮಾತ್ರ ಸೀಟಿನ ಕೆಳಗೆ ಒಳನುಗ್ಗುತ್ತದೆ.

ಮಾಮೂಲಿ ಮೌಂಟನ್ ಬೈಕಿನಲ್ಲೂ ಇದೆಲ್ಲ ಇರುವುದೇ. ಆದರೆ ಇಲ್ಲಿ ಡೌನ್ ಟ್ಯೂಬಿನೊಳಗೆ ನಾಲ್ಕು ಕಿಲೋ ಆಸುಪಾಸಿನ ಬ್ಯಾಟರಿ ಕುಳಿತಿದೆ, ಅದರ ಬುಡದಲ್ಲಿ ಮೋಟಾರು. ಸುಮಾರು 5 ಮಿ.ಮೀ. ದಪ್ಪದ ಬ್ರೇಕ್ ಹೋಸ್, 4 ಮಿ.ಮೀ.ನ ಗೇರ್ ಔಟರ್ (ಗೇರ್ ಕೇಬಲಿನ ಹೊರಕವಚ), ಸ್ವಿಚ್ಚಿನ ವೈರು, ಸ್ಪೀಡ್ ಸೆನ್ಸರಿನ ವೈರು ಎಲ್ಲವೂ ಅವುಗಳ ಸಂದಿಯಲ್ಲಿ ನುಸುಳಿಕೊಂಡು ಹೋಗಬೇಕು. ಬೈಕಿನ ತೂಕ 22ರಿಂದ 25 ಕಿಲೋ. ಇಳಿಜಾರಿನಲ್ಲಿ ಅದು ಕುಲುಕುವ ಪರಿಯೇ ಬೇರೆ. ಮೋಟಾರಿನ ಸಹಾಯವಿದೆ ಎಂದು ಒಂದೇ ದಿನ ಮೂರು ನಾಲ್ಕು ಸಲ ಗುಡ್ಡ ಹತ್ತಿ ಇಳಿಯುತ್ತೇವೆ. ಹಾಗಾಗಿ ಬೇರೆ ಬೈಕಿನಲ್ಲಿ ಎರಡು ವರ್ಷಕ್ಕೆ ಆಗುವ ಸವೆತ ಇದರಲ್ಲಿ ಒಂದೇ ವರ್ಷಕ್ಕೆ ಆದರೆ ಆಶ್ಚರ್ಯಪಡಬೇಕಿಲ್ಲ.

ಮೊದಲು ಕಪ್ಪು ಬೈಕು. ನೋಡಲು ಮೂರರಲ್ಲಿ ಅದೇ ಚೆಂದ, ಅನುಮಾನವಿಲ್ಲ. ಹ್ಯಾಂಡಲ್‌ಬಾರಿನ ಮುಂದೆ ಒಂದೂ ಕೇಬಲ್ ನೇತಾಡುವುದಿಲ್ಲ. ಹೆಡ್ ಟ್ಯೂಬಿನ ಹೊರಮೈ ಎಂಟು ತಿಂಗಳಾದರೂ ಅಂಗಡಿಯಿಂದ ಬಂದ ಹಾಗೆಯೇ ಇತ್ತು. ಅಲ್ಲಿ ಉಜ್ಜಲು ಏನೂ ಇಲ್ಲವಲ್ಲ! ಆದರೆ ಐದನೆಯ ತಿಂಗಳಿಗೆ ಹ್ಯಾಂಡಲ್ ತಿರುಗಿಸುವಾಗ ಮರಳು ಅರೆದ ಸದ್ದು ಶುರುವಾಯಿತು. ಮುಚ್ಚಳ ತೆಗೆದು ನೋಡಿದೆ. ಕೇಬಲ್ ಇಳಿಯುವ ತೂತುಗಳ ಗುಂಟ ಕೆಸರುನೀರೂ ಇಳಿದು, ಮೇಲಿನ ಬೇರಿಂಗ್ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಸಾಮಾನ್ಯ ಹೆಡ್‌ಸೆಟ್ಟಿನಲ್ಲಿ ಈ ಬೇರಿಂಗ್ ಬದಲಿಸುವುದು ಇಪ್ಪತ್ತು ನಿಮಿಷದ ಕೆಲಸ. ಇಲ್ಲಿ ಹಿಂಬ್ರೇಕಿನ ಹೋಸ್ ಬೇರಿಂಗಿನ ಉಂಗುರದೊಳಗಿಂದಲೇ ಹಾದುಹೋಗಿದೆ. ಉಂಗುರವನ್ನು ಹೋಸಿನಿಂದ ಬಿಡಿಸಲು ಲಿವರಿನ ಬಳಿ ಹೋಸನ್ನೇ ಕಳಚಬೇಕು. ಕಳಚಿದ ಮೇಲೆ ತುದಿ ಕತ್ತರಿಸಿ ಜೋಡಣೆಯ ಸಣ್ಣ ಬಿಡಿಭಾಗಗಳಾದ ಹೊಸ ಆಲಿವ್, ಹೊಸ ಇನ್ಸರ್ಟ್ ಹಾಕಿ, ಎಣ್ಣೆ ತುಂಬಿ, ಗಾಳಿ ತೆಗೆಯಬೇಕು. ಪ್ರತಿ ಸಲವೂ ಹೋಸ್ ಒಂದಿಷ್ಟು ಗಿಡ್ಡವಾಗುತ್ತದೆ. ಮೊದಲೇ ಉದ್ದ ಬಿಟ್ಟಿರದಿದ್ದರೆ ಎರಡನೆಯ ಸಲಕ್ಕೆ ಇಡೀ ಹೋಸನ್ನೇ ಬದಲಿಸಬೇಕು. ಇಡೀ ಹೋಸ್ ಬದಲಿಸುವುದೆಂದರೆ ಬ್ಯಾಟರಿ ತೆಗೆದು, ಮೋಟಾರಿನ ಬೋಲ್ಟು ಬಿಚ್ಚಿ, ಅದನ್ನು ಅರ್ಧ ಕೆಳಗಿಳಿಸಿ ದಾರಿ ಮಾಡಿಕೊಳ್ಳಬೇಕು. ಒಂದು ಬೇರಿಂಗಿಗೋಸ್ಕರ ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ. ನನಗೆ ಪೂರ್ತಿ ಒಂದು ಭಾನುವಾರ ಹಿಡಿಯಿತು.

ಬೇರಿಂಗ್ ಬಿಚ್ಚಿದಾಗ ಇನ್ನೊಂದು ಕಂಡಿತು, ಅದೇ ನನ್ನನ್ನು ಹೆಚ್ಚು ಕಾಡಿದ್ದು. ಮುಂದಿನ ಫೋರ್ಕಿನ ಸ್ಟೀರರ್ ಕೊಳವೆಯ (ಹೆಡ್ ಟ್ಯೂಬಿನೊಳಗೆ ಹಾದು ಹ್ಯಾಂಡಲ್ ಸೇರುವ ಭಾಗ) ಮೇಲೆ, ಹೋಸ್ ತಾಗುವ ಕಡೆ, ಹೊಳೆಯುವ ಒಂದು ಗೀರು. ಕೈಗೆ ಅಷ್ಟಾಗಿ ತಾಗುವಷ್ಟು ಆಳವಿಲ್ಲ, ಆದರೆ ಇದೆ. ಹೊರಗಿನ ಬಣ್ಣಕ್ಕೆ ಬರಬೇಕಿದ್ದ ಸವೆತ ಒಳಗಿನ ಲೋಹಕ್ಕೆ ವರ್ಗವಾಗಿದೆ ಅಷ್ಟೆ. ಬಣ್ಣ ಸವೆದರೆ ಕಾಣುತ್ತದೆ, ಬೈದುಕೊಂಡು ತೇಪೆ ಹಾಕುತ್ತೇವೆ. ಇದು ಬಿಚ್ಚುವವರೆಗೆ ಕಾಣುವುದಿಲ್ಲ. ಹೋಸಿಗೆ ಬಟ್ಟೆಯಂಥ ಟೇಪು ಸುತ್ತಿ, ಸ್ಟೀರರಿಗೂ ತೆಳು ಫಿಲ್ಮ್ ಹಾಕಿ ಜೋಡಿಸಿದೆ. ಮ್ಯಾಟ್ ಬಣ್ಣದ ಬಗ್ಗೆಯೂ ಒಂದು ದೂರಿದೆ: ಗೀರು ಬಿದ್ದರೆ ಪಾಲಿಶ್ ಮಾಡುವಂತಿಲ್ಲ, ಉಜ್ಜಿದ ಕಡೆ ಮಾತ್ರ ಹೊಳಪು ಬಂದು ಎಣ್ಣೆ ಸೋರಿದ ಗುರುತಿನಂತೆ ಕಾಣುತ್ತದೆ. ಹಿಂದಿನ ಚಕ್ರವನ್ನು ಹಿಡಿಯುವ ಚೈನ್ ಸ್ಟೇಯ ಮೇಲೆ ಗೆಳೆಯ ಹೀಗೊಂದು ಕನ್ನಡಿ ಮಾಡಿಕೊಂಡಿದ್ದಾನೆ.

ನನ್ನ ಹಸಿರು ಬೈಕಿನ ಕಥೆ ಇದಕ್ಕೆ ತದ್ವಿರುದ್ಧ. ದೋಷಗಳು ಮೊದಲ ವಾರಗಳಲ್ಲೇ ಹೊರಬೀಳತೊಡಗಿದವು. ಕಿಂಡಿಯ ಅಂಚಿನಲ್ಲಿ ಬಣ್ಣ ದಪ್ಪಗೆ ಗಡ್ಡೆಕಟ್ಟಿತ್ತು. ರಬ್ಬರ್ ಬಿರಡೆ ಪೂರ್ತಿ ಕೂರದೆ ಅರ್ಧ ಮೇಲೆದ್ದಿತ್ತು. ಒತ್ತಿ ಕೂರಿಸಿದಾಗ ಅಂಚಿನ ಬಣ್ಣ ಬಿಸ್ಕತ್ತಿನಂತೆ ಮುರಿದು ಬಂತು. ಹಿಂಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಕೂರುವ ಎರಡು ಕಂಬಗಳ ಮುಖದ ಮೇಲೂ ಬಣ್ಣ! ಅಲ್ಲಿ ಸಮತಟ್ಟಾದ ಬರಿಯ ಲೋಹ ಇರಬೇಕು. ಬಣ್ಣದ ಮೇಲೆ ಬಿಗಿದರೆ ಕ್ಯಾಲಿಪರ್ ಕೂದಲೆಳೆಯಷ್ಟು ವಾಲಿ, ಡಿಸ್ಕ್ ಒಂದು ಕಡೆ ಸವರುತ್ತದೆ. ಮೊದಲ ವಾರದ ಕಿರುಗುಟ್ಟುವಿಕೆಗೆ ಬ್ರೇಕ್ ಪ್ಯಾಡನ್ನು ಬೈದದ್ದು ನನ್ನ ತಪ್ಪು. ಕಂಬಗಳನ್ನು ಸಮ ಮಾಡಿದ ಮೇಲೆ ಸದ್ದು ನಿಂತಿತು.

ಇನ್ನೊಂದು ಸದ್ದು ಡೌನ್ ಟ್ಯೂಬಿನೊಳಗಿನದು. ಕಲ್ಲಿನ ಹಾದಿಯಲ್ಲಿ ಯಾರೋ ಒಳಗೆ ಕೂತು ಕೋಲಿನಿಂದ ಬಡಿದಂತೆ. ಫ್ರೇಮಿನೊಳಗೆ ಕೇಬಲ್ ಸಾಗಲು ಪ್ರತ್ಯೇಕ ಕೊಳವೆ ಇಲ್ಲ, ಟೊಳ್ಳಿನಲ್ಲಿ ಸಡಿಲವಾಗಿ ಬಿಟ್ಟಿದ್ದಾರೆ. ಬ್ಯಾಟರಿ ತೆಗೆದು, ಹೋಸಿಗೂ ಔಟರಿಗೂ ಫೋಮ್ ಕೊಳವೆ ತೊಡಿಸಿ, ಮೋಟಾರಿನ ಬಳಿ ಒಂದೆಡೆ ಕಟ್ಟಿದೆ. ಒಂದು ಸಂಜೆಯ ಕೆಲಸ. ಆ ಹೊತ್ತಿನಲ್ಲೇ ಸ್ಪೀಡ್ ಸೆನ್ಸರಿನ ವೈರು ಮೋಟಾರಿಗೂ ಫ್ರೇಮಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿದ್ದು ಕಂಡಿತು. ಪೂರ್ತಿ ತುಂಡಾಗಿದ್ದರೆ ಗುಡ್ಡದ ಮಧ್ಯದಲ್ಲಿ ಮೋಟಾರು ಕೈಕೊಡುತ್ತಿತ್ತು. ಕಾರ್ಖಾನೆಯಲ್ಲಿ ಮೋಟಾರು ಕೂರಿಸಿದವರ ಅವಸರ ಅದು. ಬ್ಯಾಟರಿ ಬಾಗಿಲಿನ ಅಂಚಿನ ಬಣ್ಣವೂ ಎದ್ದಿತ್ತು, ಅದಕ್ಕೆ ಟಚ್‌ಅಪ್ ಹಚ್ಚಿ ಸುಮ್ಮನಾದೆ.

ಹೆಡ್ ಟ್ಯೂಬಿನ ಸವೆತಕ್ಕೆ ಮದ್ದು ಸುಲಭವಿತ್ತು, ನನಗೆ ತಡವಾಗಿ ಹೊಳೆಯಿತು. ಎಡಗೈ ಕಡೆಯ ಹೋಸ್ ಎಡಕಿಂಡಿಗೇ ಹೋದರೆ ಅದು ಮೊನಚಾಗಿ ಬಾಗಿ ಹೆಡ್ ಟ್ಯೂಬನ್ನು ಒತ್ತುತ್ತದೆ. ಮುಂದಿನಿಂದ ಸುತ್ತಿಸಿ ಬಲಕಿಂಡಿಗೆ ಹಾಕಿದರೆ ಬಾಗು ವಿಶಾಲವಾಗುತ್ತದೆ, ಉಜ್ಜುವಿಕೆ ಅರ್ಧಕ್ಕಿಳಿಯುತ್ತದೆ. ಉಳಿದರ್ಧಕ್ಕೆ ಸುಮಾರು 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮಿನ ಸಣ್ಣ ತುಂಡು. ಅಂಟಿಸುವ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸದಿದ್ದರೆ ಅಂಚು ಎದ್ದು ಕೊಳೆ ಸೇರುತ್ತದೆ. ಕೊಳೆ ಸೇರಿದ ಫಿಲ್ಮ್ ಮರಳುಕಾಗದಕ್ಕೆ ಸಮ. ಹೋಸ್ ಬಿಚ್ಚುವವರಿಗೆ ಒಂದು ಎಚ್ಚರಿಕೆ: ಬ್ರೇಕಿನಲ್ಲಿರುವುದು ಡಾಟ್ (DOT) ಎಂಬ ಬಗೆಯ ಬ್ರೇಕ್ ದ್ರವವಾದರೆ ಒಂದು ಹನಿ ಬಿದ್ದರೂ ತಕ್ಷಣ ತೊಳೆಯಿರಿ, ಅದು ಬಣ್ಣವನ್ನೇ ಕರಗಿಸುತ್ತದೆ. ಮಿನರಲ್ ಆಯಿಲ್ ಆದರೆ ಆ ಭಯವಿಲ್ಲ.

ಬೂದು ಬೈಕನ್ನು ಮೊದಲು ಕಂಡಾಗ ಮೂರರಲ್ಲಿ ಇದೇ ಗೆಲ್ಲುತ್ತದೆ ಎಂದುಕೊಂಡಿದ್ದೆ. ಎಲ್ಲ ಹೊರಗೇ ಇದೆ, ಹಿಂಬ್ರೇಕಿನ ಹೋಸ್ ಬದಲಿಸಲು ಮೋಟಾರು ಮುಟ್ಟಬೇಕಿಲ್ಲ. ನಾನು ಗಡಿಯಾರ ನೋಡಿಕೊಂಡು ಮಾಡಿದೆ, ಬ್ಲೀಡ್ ಸೇರಿ ನಲವತ್ತು ನಿಮಿಷ. ಆನೋಡೈಸಿಂಗ್ ಎಂದರೆ ಮೇಲೆ ಬಳಿದ ಪದರವಲ್ಲ, ಅಲ್ಯೂಮಿನಿಯಂ ಮೇಲ್ಮೈಯೇ ಗಟ್ಟಿ ಆಕ್ಸೈಡ್ ಆಗಿ ಬದಲಾದದ್ದು. ಆದ್ದರಿಂದ ಚಕ್ಕೆ ಏಳುವ ಪ್ರಶ್ನೆ ಬರುವುದಿಲ್ಲ. ಕಲ್ಲು ಬಡಿದ ಕಡೆ ತಗ್ಗು ಬಿದ್ದಿತೇ ಹೊರತು ಸಿಪ್ಪೆ ಸುಲಿಯಲಿಲ್ಲ.

ಆದರೆ ಕ್ಲಿಪ್ಪುಗಳು! ಡೌನ್ ಟ್ಯೂಬಿನಡಿ ಐದು ಕ್ಲಿಪ್ಪುಗಳಲ್ಲಿ ಎರಡು ಮೊದಲ ತಿಂಗಳೇ ಸಡಿಲಗೊಂಡು, ಹೋಸ್ ಜೋತುಬಿದ್ದು, ಅದರ ಹಿಂದೆ ಕೆಸರು ಸೇರಿತು. ಹೋಸಿಗೂ ಫ್ರೇಮಿಗೂ ನಡುವೆ ಒಣಗಿದ ಕೆಸರು ಸಿಕ್ಕಿದರೆ ಆನೋಡೈಸಿಂಗ್ ಕೂಡ ಉಳಿಯುವುದಿಲ್ಲ. ಬೆಳ್ಳಿಬಣ್ಣದ ಎರಡು ಪಟ್ಟಿಗಳು ಮೂಡಿವೆ. ಇದಕ್ಕೆ ಟಚ್‌ಅಪ್ ಬಣ್ಣವೂ ಇಲ್ಲ, ಮೂಲದ ಬೂದು ಮರಳಿ ಬರುವುದಿಲ್ಲ. ತಯಾರಕರ ಕ್ಲಿಪ್ಪು ಕಿತ್ತೆಸೆದು ಸ್ಕ್ರೂ ಹಾಕಿ ಬಿಗಿಯುವವನ್ನು ಕೂರಿಸಿದ ಮೇಲೆ ಸವೆತ ನಿಂತಿದೆ. ಇದೇ ಆಕಾರದ ಫ್ರೇಮಿಗೆ ಆನೋಡೈಸಿಂಗ್ ಬದಲು ಬರಿಯ ಲೋಹದ ಮೇಲೆ ಪಾರದರ್ಶಕ ಲೇಪ ಕೊಟ್ಟ ಮಾದರಿಯೂ ಸಿಗುತ್ತದೆ, ಅದರಿಂದ ದೂರವಿರಿ ಎನ್ನುತ್ತೇನೆ. ಲೇಪಕ್ಕೆ ಒಂದು ಗೀರು ಬಿದ್ದು ಉಪ್ಪಿನಂಶದ ತೇವ ಸೇರಿದರೆ, ಗೆದ್ದಲು ದಾರಿ ಮಾಡಿದಂತೆ ಲೇಪದಡಿ ಎಳೆ ಎಳೆಯಾಗಿ ತುಕ್ಕು ಹಬ್ಬುತ್ತದೆ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ನೋಡಬಹುದಾದದ್ದು ಎರಡೇ. ಹ್ಯಾಂಡಲನ್ನು ಎರಡೂ ತುದಿಗೆ ಪೂರ್ತಿ ತಿರುಗಿಸಿ, ಯಾವ ಹೋಸ್ ಬಿಗಿಯುತ್ತದೆ, ಯಾವುದು ಎಲ್ಲಿ ಒರಗುತ್ತದೆ ನೋಡಬೇಕು. ಹಿಂದಿನ ಶಾಕಿನ ಗಾಳಿ ಬಿಟ್ಟು ಸೀಟನ್ನು ಪೂರ್ತಿ ಕೆಳಕ್ಕೆ ಒತ್ತಿ, ಹಿಂಭಾಗ ಮೇಲೆಕೆಳಗಾಗುವ ಕೀಲಾದ ಪಿವಟ್ ಬಳಿ ಹೋಸ್ ಎಳೆಯುತ್ತದೆಯೋ ಮಡಚುತ್ತದೆಯೋ ಗಮನಿಸಬೇಕು. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಬ್ಯಾಟರಿ ತೆಗೆದು ಟಾರ್ಚ್ ಬಿಟ್ಟು ಒಳಗೆ ಇಣುಕಲು ಒಪ್ಪಿದರೆ ಇನ್ನೂ ಒಳ್ಳೆಯದು.

ಮೂರರಲ್ಲಿ ಯಾವುದು ಎಂದು ಕೇಳಿದರೆ, ಬೂದು ಬೈಕಿನ ದಾರಿ, ಹಸಿರು ಬೈಕಿನ ಬಣ್ಣ. ಅಂಥ ಬೈಕು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ನಾನು ಹಸಿರನ್ನೇ ಇಟ್ಟುಕೊಂಡಿದ್ದೇನೆ: ಅದರ ತಪ್ಪುಗಳೆಲ್ಲ ಒಂದು ಸಂಜೆಯೊಳಗೆ ಸರಿಯಾಗುವಂಥವು. ತನ್ನ ಬೈಕಿಗೆ ಕೈಹಚ್ಚದವರು ಬೂದನ್ನು ಕೊಳ್ಳಲಿ, ಯಾವ ಮೆಕ್ಯಾನಿಕ್ಕೂ ಅದನ್ನು ನೋಡಿ ನಿಟ್ಟುಸಿರು ಬಿಡುವುದಿಲ್ಲ. ಗೇರಿಗೆ ವೈರ್‌ಲೆಸ್ ಹಾಕಿದರೆ ಒಂದು ಕೇಬಲ್ ಕಡಿಮೆಯಾಗುತ್ತದೆ ನಿಜ, ಆದರೆ ಈ ರಗಳೆಯ ಮೂಲಪುರುಷ ಬ್ರೇಕ್ ಹೋಸ್ ಅಲ್ಲೇ ಇರುತ್ತದೆ.

ಕಪ್ಪು ಬೈಕಿನ ಗೆಳೆಯ ಮೊನ್ನೆ ಬಂದಿದ್ದ. ಅವನಿಗೆ ಮುಂಬ್ರೇಕು ಎಡಗೈಗೆ ಬೇಕಂತೆ, ಹಿಂಬ್ರೇಕು ಬಲಗೈಗೆ. "ಎರಡು ಹೋಸ್ ಅದಲುಬದಲು ಮಾಡಿದರಾಯಿತಲ್ಲ, ಐದು ನಿಮಿಷದ ಕೆಲಸ" ಎಂದ. ನಾನು ಅವನನ್ನೊಮ್ಮೆ, ಆ ನುಣುಪಾದ ಹೆಡ್‌ಸೆಟ್ ಮುಚ್ಚಳವನ್ನೊಮ್ಮೆ ನೋಡಿ, ಟೀ ಮಾಡಲು ಒಳಗೆ ಹೋದೆ.