ಡಿಜೆ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ: ಒಂದೇ ಮಿಕ್ಸ್, ಐದು ದಾರಿಯಲ್ಲಿ ರೆಕಾರ್ಡ್ ಮಾಡಿ ನೋಡಿದ್ದು

"ಅಣ್ಣಾ, ನಿನ್ನೆ ಹಾಕಿದ್ದು ರೆಕಾರ್ಡ್ ಆಗಿದ್ರೆ ಕಳ್ಸು." ನಾನು ಡಿಜೆ; ಹಾಡು ಹಾಕಿದ ಆರತಕ್ಷತೆ ಮುಗಿದ ಮಾರನೇ ದಿನ ಹುಡುಗರಿಂದ ಬರುವ ಮೊದಲ ಮೆಸೇಜೇ ಇದು. ಎಷ್ಟೋ ವರ್ಷ ನನ್ನ ಹತ್ತಿರ ಕಳಿಸೋಕೆ ಏನೂ ಇರುತ್ತಿರಲಿಲ್ಲ. ಜನ ಕುಣಿದ ರಾತ್ರಿಯ ಮಿಕ್ಸ್ (ಹಾಡಿಗೆ ಹಾಡು ಬೆಸೆದು ಹಾಕಿದ್ದು) ಇನ್ನೊಮ್ಮೆ ಹಾಗೇ ಬರೋದಿಲ್ಲ, ಅದನ್ನು ಕಳೆದುಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಆಷಾಢದಲ್ಲಿ ಮದುವೆ ಇಲ್ಲ, ಹೊರಗೆ ಮಳೆ ಬಿಡುವುದಿಲ್ಲ. ಹಾಗಾಗಿ ಶಿವಮೊಗ್ಗದ ನಮ್ಮ ಮನೆಯ ಅಟ್ಟದ ಮೇಲೆ ಕೂತು ಒಂದೇ ಇಪ್ಪತ್ತು ನಿಮಿಷದ ಮಿಕ್ಸನ್ನು ಬೇರೆ ಬೇರೆ ದಾರಿಯಲ್ಲಿ ರೆಕಾರ್ಡ್ ಮಾಡಿದೆ. ಮಧ್ಯದಲ್ಲಿ ಡೊಳ್ಳಿನ ಒಂದು ತುಣುಕು ಬೇಕೆಂದೇ ಇಟ್ಟಿದ್ದೆ; ತಳದ ಗುಮ್ಮು ಎಲ್ಲಿ ಸೋರುತ್ತೆ ಅನ್ನೋದು ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ನನ್ನದು ಎರಡು ಚಾನೆಲ್ಲಿನ ಹಳೇ ಮಿಕ್ಸರ್, ಯುಎಸ್‌ಬಿ ಇಲ್ಲ. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡೋಕೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಮಿಕ್ಸರಿನ ಬೆನ್ನು ನೋಡಿ. ಮಾಸ್ಟರ್ (ಜನರ ಕಡೆಯ ಸ್ಪೀಕರಿಗೆ), ಬೂತ್ (ಡಿಜೆ ಪಕ್ಕದ ಸ್ಪೀಕರಿಗೆ), ರೆಕ್ ಔಟ್ ಅಂತ ಬರೆದಿರುತ್ತೆ. ರೆಕಾರ್ಡಿಂಗಿಗೆ ಇರೋದು ರೆಕ್ ಔಟ್. ಸಾಮಾನ್ಯವಾಗಿ ಮಾಸ್ಟರ್ ವಾಲ್ಯೂಮ್ ತಿರುಗಿಸಿದರೂ ಇದರ ಮಟ್ಟ ಬದಲಾಗುವುದಿಲ್ಲ. ಮೊದಮೊದಲು ನಾನು ಮಾಸ್ಟರಿನಿಂದ ತಗೊಳ್ತಿದ್ದೆ. ಛತ್ರದವರು ಬಂದು "ಸ್ವಲ್ಪ ಕಮ್ಮಿ ಮಾಡಿ" ಅಂದಾಗೆಲ್ಲ ರೆಕಾರ್ಡಿಂಗೂ ಕುಗ್ಗುತ್ತಿತ್ತು, ಊಟದ ಹೊತ್ತಿಗೆ ಪಿಸುಮಾತಿನಷ್ಟಾಗುತ್ತಿತ್ತು.

ಈಗ ಎಲ್ಲರೂ ಮೊದಲು ಮಾಡುವ ಪ್ರಯೋಗ: 150 ರೂಪಾಯಿಯ ಕೇಬಲ್, ಒಂದು ತುದಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ಪಿನ್ನುಗಳು (ಕೆಂಪು ಬಲಗಡೆಯ ಶಬ್ದಕ್ಕೆ, ಬಿಳಿ ಎಡಗಡೆಯದಕ್ಕೆ), ಇನ್ನೊಂದರಲ್ಲಿ 3.5 ಎಂಎಂ ಪಿನ್ನು. ಲ್ಯಾಪ್‌ಟಾಪಿಗೆ ನೇರ ಚುಚ್ಚಿದರೆ ಏನೂ ಬರಲಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇಯರ್‌ಫೋನಿಗೂ ಮೈಕಿಗೂ ಒಂದೇ ತೂತು, ಅದು ನಾಲ್ಕು ಪಟ್ಟಿಯ ಪಿನ್ನಿನದು. ನಮ್ಮ ಮೂರು ಪಟ್ಟಿಯ ಪಿನ್ನು ಮೈಕಿನ ಜಾಗವನ್ನು ಗ್ರೌಂಡಿಗೆ ತಾಗಿಸಿಬಿಡುತ್ತೆ. ಮೈಕು, ಇಯರ್‌ಫೋನು ಬೇರೆ ಮಾಡುವ ಸ್ಪ್ಲಿಟರ್ ತಂದು ಹಾಕಿದ ಮೇಲೆ ಶಬ್ದ ಬಂತು, ಆದರೆ ಒಡೆದ ಶಬ್ದ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್; ರೆಕ್ ಔಟಿನಿಂದ ಬರುವುದು ಸುಮಾರು 0.3 ವೋಲ್ಟ್. ಪರದೆಯಲ್ಲಿ ಅಲೆಗಳ ತಲೆಯೆಲ್ಲ ಕತ್ತಿಯಲ್ಲಿ ಸವರಿದ ಬೇಲಿಯ ಹಾಗೆ ಚಪ್ಪಟೆ. ಮಿಕ್ಸರಿನ ಕಡೆ ತೀರಾ ತಗ್ಗಿಸಿ ಮತ್ತೆ ನೋಡಿದೆ. ಕೆಂಪು ಪಿನ್ನನ್ನು ಕಿತ್ತೆ, ಏನೂ ವ್ಯತ್ಯಾಸವಿಲ್ಲ. ಬಿಳಿಯದನ್ನು ಕಿತ್ತೆ, ಪೂರ್ತಿ ನಿಂತುಹೋಯಿತು. ಅಂದರೆ ಎಡಗಡೆಯದು ಮಾತ್ರ ರೆಕಾರ್ಡ್ ಆಗುತ್ತಿತ್ತು, ಬಲಗಡೆಯ ಸಂಗೀತ ಎಲ್ಲೂ ಇರಲಿಲ್ಲ. ಸಾಲದ್ದಕ್ಕೆ ವಿಂಡೋಸಿನ ನಾಯ್ಸ್ ಸಪ್ರೆಶನ್ ಹಾಡನ್ನೇ ಗದ್ದಲ ಅಂದುಕೊಂಡು ಒತ್ತುತ್ತಿತ್ತು. ಈ ದಾರಿ ಬೇಡ. ದುಡ್ಡಿಲ್ಲದಿದ್ದರೆ ಒಂದು ತಿಂಗಳು ಕಾಯಿರಿ, ಆದರೆ ಇದರಲ್ಲಿ ಮಾಡಿದ್ದನ್ನು ಯಾರಿಗೂ ಕಳಿಸಬೇಡಿ.

ಎರಡನೆಯದು ಬೆರಿಂಜರ್ ಯುಸಿಎ222, ಅಂದರೆ ಮಿಕ್ಸರಿನ ಶಬ್ದವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಹೊರಗಿನ ಸೌಂಡ್ ಕಾರ್ಡ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕೆಂಪು ಡಬ್ಬಿ, ಬಾಲದಂತೆ ಒಂದು ಯುಎಸ್‌ಬಿ ವೈರು. ಆರ್‌ಸಿಎ ಎರಡು ಒಳಕ್ಕೆ, ಎರಡು ಹೊರಕ್ಕೆ. ಡ್ರೈವರ್ ಹುಡುಕಬೇಕಿಲ್ಲ, ಚುಚ್ಚಿದ ತಕ್ಷಣ ಕಂಪ್ಯೂಟರ್ ಗುರುತು ಹಿಡಿಯುತ್ತೆ. ಆಡಾಸಿಟಿಯಲ್ಲಿ ಅದನ್ನೇ ಇನ್‌ಪುಟ್ ಅಂತ ಆರಿಸಿ ಸ್ಟೀರಿಯೋ ಮಾಡಿದರೆ ಮುಗಿಯಿತು. ಒಳಗೆ ಬರುವ ಶಬ್ದ ಏರಿಸುವ-ಇಳಿಸುವ ಗುಂಡಿ ಇದರಲ್ಲಿಲ್ಲ. ಅದನ್ನೆಲ್ಲ ಮಿಕ್ಸರಿನ ಚಾನೆಲ್ ಟ್ರಿಮ್ಮಿನಲ್ಲೇ (ಆಯಾ ಚಾನೆಲ್ಲಿನ ಮಟ್ಟ ಹೊಂದಿಸುವ ಗುಂಡಿ) ನೋಡಿಕೊಳ್ಳಬೇಕು: ದೀಪ ಹಸಿರಲ್ಲಿ, ಆಗೊಮ್ಮೆ ಈಗೊಮ್ಮೆ ಹಳದಿಗೆ, ಕೆಂಪಿಗೆ ಮುಟ್ಟಲೇಬಾರದು. ಆಡಾಸಿಟಿಯ ಮೀಟರಿನಲ್ಲಿ ಅತಿ ಎತ್ತರದ ಏಟು −6 ಡೆಸಿಬಲ್ ಹತ್ತಿರ (ಸೊನ್ನೆ ದಾಟಿದರೆ ಶಬ್ದ ಒಡೆಯುತ್ತೆ) ನಿಂತರೆ ನನಗೆ ಸಮಾಧಾನ.

ಮೊದಲ ಸಲ ಕೇಳಿದಾಗ ಮಾತ್ರ ಹಾಡಿನ ಕೆಳಗೆ ಝುಂಯ್ ಅಂತ ಒಂದು ಗುಂಯ್‌ಗುಡುವಿಕೆ. ಡಬ್ಬಿಯೇ ಹಾಳು ಅಂದುಕೊಂಡೆ. ಹಾಗಲ್ಲ. ಮಿಕ್ಸರಿಗೆ ಅಟ್ಟದ ಪ್ಲಗ್ಗು, ಲ್ಯಾಪ್‌ಟಾಪ್ ಚಾರ್ಜರಿಗೆ ಕೆಳಗಿನ ಕೋಣೆಯಿಂದ ಎಳೆದ ಎಕ್ಸ್‌ಟೆನ್ಷನ್. ಎರಡು ಕಡೆಯ ಅರ್ತಿಂಗನ್ನೂ ಆರ್‌ಸಿಎ ಕೇಬಲ್ ಸೇರಿಸಿ ಒಂದು ಸುತ್ತು ಮಾಡಿಬಿಡುತ್ತೆ, ಆ ಸುತ್ತಿನಲ್ಲಿ ಹರಿಯುವ 50 ಹರ್ಟ್ಜ್ ಕರೆಂಟೇ ಗುಂಯ್‌ಗುಡುವುದು. ಚಾರ್ಜರ್ ಕಿತ್ತ ಕ್ಷಣ ನಿಂತಿತು, ಆ ನಿಶ್ಶಬ್ದದಲ್ಲಿ ಹೆಂಚಿನ ಮೇಲಿನ ಮಳೆಯ ಸದ್ದು ಕೇಳಿಸಿತು. ಈಗ ಎರಡಕ್ಕೂ ಒಂದೇ ಸ್ಪೈಕ್ ಬೋರ್ಡ್, ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಚಿಕ್ಕ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಿಗುತ್ತೆ. ನಾನು ತಂದ ಅಗ್ಗದ್ದು ಗುಂಯ್ ತೆಗೆಯಿತು, ಜೊತೆಗೆ ಡೊಳ್ಳಿನ ಗುಮ್ಮನ್ನೂ ತೆಳ್ಳಗೆ ಮಾಡಿತು. ಅರ್ತ್ ಪಿನ್ನು ಮುರಿದು ಗುಂಯ್ ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ನೆಲ, ಒದ್ದೆ ಕೈಯಿನ ನಮ್ಮ ಮಳೆಗಾಲದಲ್ಲಿ ಅದು ಜೀವಕ್ಕೇ ಸಂಚಕಾರ.

ಕೆಂಪು ಡಬ್ಬಿ ಶಬ್ದವನ್ನು ಅಳೆದು ಬರೆಯುವ ಸೂಕ್ಷ್ಮತೆ 16 ಬಿಟ್ ಮಾತ್ರ ಅಂತ ಮೂಗು ಮುರಿಯುವವರಿದ್ದಾರೆ. 16 ಬಿಟ್ಟಿನಲ್ಲಿ ಅತಿ ಮೆಲ್ಲನೆಯ ಶಬ್ದಕ್ಕೂ ಅತಿ ಜೋರಿನದಕ್ಕೂ ನಡುವೆ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತೆ, ನಮ್ಮ ಮಿಕ್ಸ್ ಅದರ ಕಾಲು ಭಾಗವನ್ನೂ ಬಳಸೋದು ಕಷ್ಟ.

ಅದನ್ನು ಖಾತ್ರಿ ಮಾಡಿಕೊಳ್ಳೋಕೇ ಹಾಡುವ ಗೆಳೆಯನೊಬ್ಬನಿಂದ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಅನ್ನೋ ಇನ್ನೊಂದು ಹೊರಗಿನ ಸೌಂಡ್ ಕಾರ್ಡ್ ಇಸಕೊಂಡು ಬಂದೆ. ಆರ್‌ಸಿಎಯಿಂದ ಕಾಲಿಂಚಿನ ಜ್ಯಾಕಿಗೆ ಹೋಗುವ ಕೇಬಲ್ ಬೇಕು, ಇನ್‌ಸ್ಟ್ರುಮೆಂಟ್ ಸ್ವಿಚ್ ಆಫ್ ಇರಬೇಕು, ಎರಡು ಗೇನ್ ಗುಂಡಿಗಳನ್ನೂ ಸಮ ಇಡಬೇಕು. 24 ಬಿಟ್. ಕಣ್ಣು ಮುಚ್ಚಿ ಇಬ್ಬರೂ ಕೇಳಿದೆವು. ಯಾವುದು ಯಾವುದೆಂದು ಅವನಿಗೂ ಹೇಳಲಾಗಲಿಲ್ಲ, ನನಗೂ. ಮೈಕಿನಲ್ಲಿ ಹಾಡು, ಕೊಳಲು ರೆಕಾರ್ಡ್ ಮಾಡುವವರಿಗೆ ಇದು ಸರಿಯಾದ ಖರೀದಿ. ಬರೀ ಮಿಕ್ಸ್ ಹಿಡಿಯೋಕೆ ಬೇಡ. ಲೇಟೆನ್ಸಿ (ಶಬ್ದ ಕಂಪ್ಯೂಟರಿಗೆ ಹೋಗಿ ವಾಪಸ್ ಬರುವ ತಡ) ಕಮ್ಮಿ ಅನ್ನೋ ಕಾರಣಕ್ಕೂ ಬೇಡ, ನಾವು ಕೇಳೋದು ಮಿಕ್ಸರಿನಿಂದ, ಕಂಪ್ಯೂಟರಿನಿಂದ ಅಲ್ಲ.

ಸೌಂಡ್ ಕಾರ್ಡ್ ಒಳಗೇ ಇರುವ ಮಿಕ್ಸರ್ ಎಲ್ಲಕ್ಕಿಂತ ಚೆಂದ ಅಂತ ನಾನೂ ನಂಬಿದ್ದೆ. ಪಯೋನಿಯರ್ ಡಿಜೆಎಂ-900 ನೆಕ್ಸಸ್ 2 ಅಂಥದ್ದು. ಒಂದೇ ಯುಎಸ್‌ಬಿ ವೈರು, ಆರ್‌ಸಿಎ ತಂಟೆಯಿಲ್ಲ, ಶಬ್ದ ಡಿಜಿಟಲ್ಲಾಗಿಯೇ ದಾಟುತ್ತೆ. ಡ್ರೈವರ್ ಹಾಕಿ, ಅದರ ಸೆಟ್ಟಿಂಗಿನಲ್ಲಿ ರೆಕ್ ಔಟನ್ನು ಯಾವ ಯುಎಸ್‌ಬಿ ಜೋಡಿಗೆ ಕಳಿಸಬೇಕು ಅಂತ ಆರಿಸಬೇಕು. ತಪ್ಪಿದರೆ ಒಂದೇ ಡೆಕ್ಕಿನ (ಹಾಡು ಹಾಕುವ ಒಂದು ಪ್ಲೇಯರಿನ) ಹಾಡು ಬರುತ್ತೆ, ಮಿಕ್ಸ್ ಬರೋದಿಲ್ಲ. ಇದೊಂದು ಮಾತ್ರ ಅಟ್ಟದ ಮೇಲಿನ ಪ್ರಯೋಗವಲ್ಲ: ಇಂಥದ್ದೇ ಒಂದು ಮಿಕ್ಸರನ್ನು ಬಾಡಿಗೆಗೆ ತಂದು ತೀರ್ಥಹಳ್ಳಿ ಕಡೆಯ ಒಂದು ಆರತಕ್ಷತೆಯಲ್ಲಿ ಹಾಕಿದೆ. ಶಬ್ದ ಅಷ್ಟು ಶುದ್ಧ ನಾನು ಹಿಡಿದದ್ದೇ ಇಲ್ಲ. ಎಂಟೂವರೆಗೆ ಗಾಳಿ ಬಂತು, ಕರೆಂಟು ಹೋಯಿತು. ಜನರೇಟರ್ ಶುರುವಾಗಿ ಎಲ್ಲರೂ ಮತ್ತೆ ಕುಣಿದರು, ನಾನೂ ಖುಷಿಯಾಗಿ ಇನ್ನೆರಡು ಗಂಟೆ ಹಾಕಿದೆ. ಮನೆಗೆ ಬಂದು ನೋಡಿದರೆ ರೆಕಾರ್ಡಿಂಗ್ ಎಂಟೂವರೆಗೇ ನಿಂತಿದೆ. ಮಿಕ್ಸರ್ ಆರಿದ ಕೂಡಲೇ ಅದರೊಳಗಿನ ಸೌಂಡ್ ಕಾರ್ಡೂ ಕಂಪ್ಯೂಟರಿನ ಕಣ್ಣಿಂದ ಮಾಯ!

ಕೆಂಪು ಡಬ್ಬಿಗೆ ಕರೆಂಟು ಕೊಡೋದು ಲ್ಯಾಪ್‌ಟಾಪ್. ಮನೆಯಲ್ಲಿ ಬೇಕಂತಲೇ ಮಿಕ್ಸರ್ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಒಂದು ಟಪ್ ಶಬ್ದ, ನಡುವೆ ಎರಡು ನಿಮಿಷ ಖಾಲಿ, ಆಮೇಲೆ ಹಾಡು ಮುಂದುವರಿದಿತ್ತು. ಖಾಲಿಯನ್ನು ಕತ್ತರಿಸಿ ತೆಗೆಯೋದು ಅರೆ ನಿಮಿಷದ ಕೆಲಸ. ಮಳೆಗಾಲದಲ್ಲಿ ಕರೆಂಟನ್ನು ನಂಬಲಾಗದ ನಮ್ಮ ಊರುಗಳಿಗೆ ನನ್ನ ಓಟು ಆ ಚಿಕ್ಕ ಡಬ್ಬಿಗೇ.

ಕೊನೆಯದು ಕಂಪ್ಯೂಟರೇ ಇಲ್ಲದ ದಾರಿ: ಝೂಮ್ ಎಚ್1ಎನ್ ತರಹದ ಕೈ ರೆಕಾರ್ಡರ್. ಎರಡು ಸಣ್ಣ ಸೆಲ್ಲು, ಒಂದು ಮೆಮೊರಿ ಕಾರ್ಡು, ರೆಕ್ ಔಟಿನಿಂದ 3.5 ಎಂಎಂ ಕೇಬಲ್ಲು. ಆ 150 ರೂಪಾಯಿ ಕೇಬಲ್ಲಿಗೆ ಇಲ್ಲಿ ಕೆಲಸ ಸಿಕ್ಕಿತು, ಯಾಕೆಂದರೆ ಇದರ ತೂತು ಸ್ಟೀರಿಯೋ, ಲೈನ್ ಮಟ್ಟವನ್ನೂ (ರೆಕ್ ಔಟಿನಿಂದ ಬರುವಂಥ ಜೋರು ಸಿಗ್ನಲ್) ತಗೊಳ್ಳುತ್ತೆ. ಆಟೋ ಲೆವೆಲ್ ಮತ್ತು ಲೋ ಕಟ್ ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಮೊದಲನೆಯದು ನಿಧಾನದ ಜಾಗವನ್ನು ಎತ್ತಿ ಬೀಟು ಬಂದಾಗ ಒತ್ತುತ್ತೆ, ಎರಡನೆಯದು ತಳದ ಗುಮ್ಮನ್ನು ನುಂಗುತ್ತೆ. 16 ಬಿಟ್, 44.1 ಕಿಲೋಹರ್ಟ್ಜಿನ ವೇವ್ ಫೈಲು ಗಂಟೆಗೆ ಸುಮಾರು 635 ಎಂಬಿ, 32 ಜಿಬಿ ಕಾರ್ಡಿನಲ್ಲಿ ಒಂದು ಸೀಸನ್ನಿನ ಕಾರ್ಯಕ್ರಮವೆಲ್ಲ ಕೂರುತ್ತೆ. ಗೋಡೆಯ ಕರೆಂಟಿಗೆ ಸಂಬಂಧವೇ ಇಲ್ಲದ್ದರಿಂದ ಗುಂಯ್ ಕೂಡ ಇಲ್ಲ. ಶಾಮಿಯಾನ ಸೋರುವಾಗ ಜೇಬಿಗೆ ಹಾಕಿಕೊಳ್ಳಬಹುದು.

ಹಾಗಾಗಿ ಅಟ್ಟದ ಮೇಲೆ ಕೆಂಪು ಡಬ್ಬಿ, ಕಾರ್ಯಕ್ರಮಕ್ಕೆ ಹೊರಟರೆ ಕೈ ರೆಕಾರ್ಡರ್. ಎರಡರಲ್ಲಿ ಒಂದನ್ನೇ ಕೊಳ್ಳುವ ಹುಡುಗರಿಗೆ ಡಬ್ಬಿಯನ್ನೇ ಹೇಳ್ತೀನಿ. ಜೊತೆಗೆ ಒಣಗಿದ ಹತ್ತಿ ಬಟ್ಟೆ ಇಟ್ಟುಕೊಳ್ಳಿ. ನಮ್ಮ ಥಂಡಿಗೆ ಎರಡು ತಿಂಗಳಲ್ಲಿ ಆರ್‌ಸಿಎ ಪಿನ್ನುಗಳ ಮೇಲೆ ಮಬ್ಬು ಕೂರುತ್ತೆ, ಒಂದು ಕಡೆಯ ಶಬ್ದ ಬಂದು ಹೋಗಿ ಮಾಡುತ್ತೆ. ಗಣಪತಿ ಹಬ್ಬಕ್ಕೆ ಮೊದಲು ಪ್ರತಿ ಪಿನ್ನನ್ನೂ ಬಿಚ್ಚಿ, ಹೊಳಪು ಕಾಣುವ ತನಕ ಉಜ್ಜಿ, ಒತ್ತಿ ಕೂರಿಸಿ.